ಸಹಾಯ ಬೇಕು: ಟ್ರೊಮ್ಸೊಗೆ ಮೇ ರಜೆಯಲ್ಲಿ ಹೋಗುವುದೋ, ದೀಪಾವಳಿಗೋ?

ಪುಣೆಯ ಕನ್ನಡಿಗರೆಲ್ಲರಿಗೂ ನಮಸ್ಕಾರ. ಅಪ್ಪ, ಅಮ್ಮ ಮತ್ತು ಮಗಳನ್ನು ಕರೆದುಕೊಂಡು ನಾರ್ವೆಯ ಉತ್ತರ ಭಾಗದ ಟ್ರೊಮ್ಸೊ ನಗರಕ್ಕೆ ಹೋಗಬೇಕೆಂದಿದ್ದೇವೆ. ಮಗಳ ಶಾಲೆಗೆ ದೊಡ್ಡ ರಜೆ ಸಿಗುವುದು ಮೇ ತಿಂಗಳಲ್ಲಿ, ಇಲ್ಲವೇ ದೀಪಾವಳಿಯಲ್ಲಿ. ತೊಡಕಿರುವುದೇ ಇಲ್ಲಿ.

ಅಲ್ಲಿ ಸುಮಾರು ಮೇ 20ರಿಂದ ಜುಲೈ 22ರವರೆಗೆ ಸೂರ್ಯ ಮುಳುಗುವುದೇ ಇಲ್ಲ. ಮೇ ಕೊನೆಗೆ ಹೋದರೆ ನಡುರಾತ್ರಿಯಲ್ಲೂ ಬಿಸಿಲಿನಲ್ಲಿ ತಿರುಗಾಡಬಹುದು, ಆದರೆ ಅರೋರಾ, ಅಂದರೆ ಕತ್ತಲ ಆಕಾಶದಲ್ಲಿ ಮೂಡುವ ಬಣ್ಣದ ಬೆಳಕು, ಕಾಣಿಸದು. ನವೆಂಬರ್ ಆರಂಭದಲ್ಲಿ ಮೋಡವಿಲ್ಲದಿದ್ದರೆ ಅರೋರಾ ನೋಡುವ ಅವಕಾಶವಿದೆ. ನಾಯಿಗಳು ಎಳೆಯುವ ಜಾರುಬಂಡಿಗೆ ಬೇಕಾದಷ್ಟು ಹಿಮ ಮಾತ್ರ ಆಗ ಖಾತ್ರಿಯಿಲ್ಲ. ಮಗಳು ಹಂಬಲಿಸುತ್ತಿರುವುದು ಅದಕ್ಕೇ!

ಅಪ್ಪನಿಗೆ ಮಂಡಿನೋವು. ಪರ್ವತಿ ಗುಡ್ಡದ ಅರ್ಧ ಮೆಟ್ಟಿಲು ಹತ್ತುವಷ್ಟರಲ್ಲಿ ಕುಳಿತು ಎರಡೂ ಕೈಗಳಿಂದ ಮಂಡಿ ಒತ್ತಿಕೊಳ್ಳುತ್ತಾರೆ. ಹಾಗಾಗಿ ಟ್ರೊಮ್ಸೊದಲ್ಲಿ ನೇಪಾಳದ ಶೆರ್ಪಾಗಳು ಕಟ್ಟಿದ 1,200ಕ್ಕೂ ಹೆಚ್ಚು ಮೆಟ್ಟಿಲುಗಳ ದಾರಿ ನಮಗಲ್ಲ. ಪಕ್ಕದಲ್ಲೇ 421 ಮೀಟರ್ ಎತ್ತರಕ್ಕೆ ಕೇಬಲ್ ಕಾರ್ ಇದೆ, ಪುಣ್ಯ. ಆದರೆ ಮೇಲೆ ಇಳಿದ ನಂತರದ ನೆಲ ಹೇಗಿರುತ್ತದೆ? ಅಂತರ್ಜಾಲದ ಚಿತ್ರಗಳಲ್ಲಿ ಯಾವ ತಿಂಗಳೆಂದೇ ಗೊತ್ತಾಗುವುದಿಲ್ಲ. ಇಲ್ಲಿನ ಪ್ರವಾಸ ಏಜೆನ್ಸಿಯೊಂದರಲ್ಲಿ ಕೇಳಿದರೆ ಫೆಬ್ರವರಿ ಪ್ಯಾಕೇಜ್ ಬಿಟ್ಟು ಬೇರೆ ಮಾತಿಲ್ಲ.

ಹಿರಿಯರೊಂದಿಗೆ ಅಲ್ಲಿಗೆ ಹೋಗಿಬಂದವರು ದಯವಿಟ್ಟು ತಿಳಿಸಿ: ಮೇ ಕೊನೆಯಲ್ಲಿ ಕೇಬಲ್ ಕಾರ್ ನಿಲ್ದಾಣದ ಸುತ್ತ ಊರುಗೋಲು ಹಿಡಿದು ನಡೆಯಲು ಸಾಧ್ಯವೇ? ನವೆಂಬರ್ ಮೊದಲ ವಾರದಲ್ಲಿ ಜಾರುಬಂಡಿ ಸಿಕ್ಕಿತೇ? ಈ ಎರಡರಲ್ಲಿ ನಮ್ಮಂಥ ಕುಟುಂಬಕ್ಕೆ ಯಾವ ತಿಂಗಳು ಸರಿ?