ಸಹಾಯ ಬೇಕು: ಸಕಲೇಶಪುರದ ಹಳೇ ಫೈರ್ ಪಂಪ್ ನೀರು ಎಳೆಯುತ್ತಿಲ್ಲ
ನಮಸ್ಕಾರ. ನಮ್ಮ ಕಾಫಿ ತೋಟದ ಗೋದಾಮಿನಲ್ಲಿ ತಾತನ ಕಾಲದ, ಇಂಗ್ಲೆಂಡಿನ ಕೊವೆಂಟ್ರಿ ಕ್ಲೈಮ್ಯಾಕ್ಸ್ ಕಂಪನಿಯ ಫೈರ್ ಪಂಪ್ (ಬೆಂಕಿ ಆರಿಸುವ ಪಂಪ್) ಇದೆ. 1950ರ ದಶಕದ್ದು. 1020 ಸಿಸಿ ಪೆಟ್ರೋಲ್ ಎಂಜಿನ್, ಹಗುರವಾಗಿರಲಿ ಅಂತ ಅಲ್ಯೂಮಿನಿಯಂ ಬ್ಲಾಕ್. ಇದರ ತಮ್ಮನೇ ಮುಂದೆ ಲೋಟಸ್ ರೇಸ್ ಕಾರುಗಳಲ್ಲಿ ಓಡಿದ್ದು! ರೂಪಿಸಿದವರಲ್ಲಿ ಒಬ್ಬರು ವಾಲ್ಟರ್ ಹ್ಯಾಸನ್. ಹೆಸರು ಕೇಳಿ ನಮ್ಮ ಹಾಸನದವರೇ ಅಂತ ಸುಮ್ನೆ ಖುಷಿಪಟ್ಟೆ.

ಎಂಜಿನ್ ಸ್ಟಾರ್ಟ್ ಆಗುತ್ತದೆ. ಕೆರೆಯಿಂದ ನೀರು ಮಾತ್ರ ಎಳೆಯುವುದಿಲ್ಲ. ಚಕ್ರ ತಿರುಗಿ ನೀರು ತಳ್ಳುವ ಸೆಂಟ್ರಿಫ್ಯೂಗಲ್ ಪಂಪ್ ಅಲ್ವಾ, ಪೈಪಿನೊಳಗಿನ ಗಾಳಿ ಮೊದಲು ಹೊರಗೆ ಹೋಗಬೇಕು. ಸಕ್ಷನ್ ಹೋಸ್ ಹೊಸದು ಹಾಕಿದೆ, ಜಾಲರಿ ತೊಳೆದೆ. ಈಗ ಆ ಗಾಳಿ ಹೊರಗೆ ತೆಗೆಯುವ ಪ್ರೈಮರ್ ಅಥವಾ ಶಾಫ್ಟಿನ ಸುತ್ತ ಗಾಳಿ ನುಗ್ಗದಂತೆ ತಡೆಯುವ ಗ್ಲ್ಯಾಂಡ್ ಮೇಲೆ ಅನುಮಾನ. ಹೋದ ವರ್ಷ ಒಬ್ಬ ಮೆಕ್ಯಾನಿಕ್ ಅಲ್ಲಿಗೆ ಗಮ್ ಬಳಿದು ಹೋದ. ಕೆರೆದು ತೆಗೆಯಲು ನನಗೆ ಎರಡು ದಿನ ಬೇಕಾಯಿತು.

ಹಾಸನ, ಚಿಕ್ಕಮಗಳೂರು ಕಡೆ ಇಂಥದ್ದನ್ನು ಬಿಚ್ಚಿ ಅಭ್ಯಾಸ ಇರುವವರು ಇದ್ದೀರಾ? ಮೂಲ ಬಣ್ಣ ಕಾಣುವ ಹಳೇ ಫೋಟೊ ಇದ್ದರೂ ಹಾಕಿ.