ಸಾವಿತ್ರಿಬಾಯಿ ಫುಲೆಯವರ ಶಾಲೆಯನ್ನು ‘ದೇಶದ ಮೊದಲ ಹೆಣ್ಣುಮಕ್ಕಳ ಶಾಲೆ’ ಎನ್ನಬಹುದೇ?

ಪ್ರಶ್ನೆ: ಸೋಮವಾರಪೇಟೆಯ ಶಿಕ್ಷಕಿ

ನಾನು ಸೋಮವಾರಪೇಟೆ ಬಳಿಯ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಜನವರಿ 3ರಂದು ಸಾವಿತ್ರಿಬಾಯಿ ಫುಲೆಯವರ ಜನ್ಮದಿನವನ್ನು ಆಚರಿಸಲಿದ್ದೇವೆ. ಅದಕ್ಕಾಗಿ ಮಕ್ಕಳು ಸಿದ್ಧಪಡಿಸಿದ ಭಿತ್ತಿಪತ್ರದಲ್ಲಿ ‘1848ರಲ್ಲಿ ಪುಣೆಯಲ್ಲಿ ಭಾರತದ ಮೊಟ್ಟಮೊದಲ ಹೆಣ್ಣುಮಕ್ಕಳ ಶಾಲೆ ತೆರೆದವರು’ ಎಂಬ ವಾಕ್ಯವಿದೆ. ಮಿಷನರಿಗಳು ಅದಕ್ಕೂ ಮೊದಲೇ ಇಂಥ ಶಾಲೆಗಳನ್ನು ನಡೆಸುತ್ತಿದ್ದರಲ್ಲವೇ ಎಂದು ಸಹೋದ್ಯೋಗಿಯೊಬ್ಬರು ಕೇಳಿದಾಗ ನನ್ನ ಬಳಿ ಉತ್ತರವಿರಲಿಲ್ಲ. ನಮ್ಮ ವಿದ್ಯಾರ್ಥಿನಿಯರಲ್ಲಿ ಅನೇಕರು ತೋಟದ ಕಾರ್ಮಿಕರ ಲೈನ್ ಮನೆಗಳಿಂದ ಬರುವವರು. ಕಾಫಿ ಕೊಯ್ಲಿನ ಈ ದಿನಗಳಲ್ಲಿ ತಾಯಿ ಕೆಲಸಕ್ಕೆ ಹೋದರೆ ಎಳೆಯ ಮಗುವನ್ನು ನೋಡಿಕೊಳ್ಳಲು ಮನೆಯಲ್ಲಿ ಉಳಿಯುವವಳು ಹಿರಿಯ ಮಗಳೇ. ಅವರಿಗೆ ತಪ್ಪು ಹೇಳಬಾರದು, ಸಪ್ಪೆಯಾಗಿಯೂ ಹೇಳಬಾರದು. ತಿಳಿದವರು ದಯವಿಟ್ಟು ತಿಳಿಸಿ.

ಉತ್ತರ: ನಿವೃತ್ತ ಉಪನ್ಯಾಸಕ, ಮಡಿಕೇರಿ

ನಿಮ್ಮ ಸಹೋದ್ಯೋಗಿಯ ಸಂದೇಹ ನ್ಯಾಯವಾದದ್ದೇ. ಅಮೆರಿಕನ್ ಮಿಷನರಿಗಳು ಬೊಂಬಾಯಿಯಲ್ಲಿ 1824ರಲ್ಲಿಯೇ ಹೆಣ್ಣುಮಕ್ಕಳ ಶಾಲೆ ತೆರೆದಿದ್ದರು. ‘ಭಾರತೀಯರು ತೆರೆದ ಮೊದಲ ಶಾಲೆ’ ಎಂದು ತಿದ್ದಿದರೂ ತೊಡಕು ತೀರುವುದಿಲ್ಲ. ಬಂಗಾಳದ ಬಾರಾಸಾತ್‌ನಲ್ಲಿ ಪ್ಯಾರಿ ಚರಣ್ ಸರ್ಕಾರ್ ಮತ್ತು ಅವರ ಗೆಳೆಯರು 1847ರಲ್ಲಿ ಇಂಥದೊಂದು ಶಾಲೆ ಆರಂಭಿಸಿದ್ದರು. ಆದುದರಿಂದ ‘ಮೊದಲ’ ಎಂಬ ಪದವನ್ನು ಕೈಬಿಡುವುದು ಲೇಸು. ಕೈಬಿಟ್ಟರೆ ಸಾವಿತ್ರಿಬಾಯಿಯವರ ಹಿರಿಮೆ ಕುಗ್ಗುತ್ತದೆ ಎಂದು ನನಗನ್ನಿಸುವುದಿಲ್ಲ, ಏಕೆಂದರೆ ಅವರ ವಿಶೇಷವಿರುವುದೇ ಬೇರೆ ಕಡೆ.

1831ರಲ್ಲಿ ಸಾತಾರಾ ಸೀಮೆಯ ನಾಯಗಾಂವ್‌ನಲ್ಲಿ ಮಾಳಿ ಜಾತಿಯಲ್ಲಿ ಹುಟ್ಟಿದ ಅವರು ಮದುವೆಯಾಗಿ ಬಂದಾಗ ಅಕ್ಷರ ಬಲ್ಲವರಾಗಿರಲಿಲ್ಲ. ಪತಿ ಜೋತಿರಾವ್ ಅವರಿಂದ ಕಲಿತು, ಬಳಿಕ ಅಹಮದ್‌ನಗರದಲ್ಲಿ ಸಿಂಥಿಯಾ ಫರಾರ್ ಎಂಬ ಮಿಷನರಿ ಮಹಿಳೆಯ ಬಳಿ ಶಿಕ್ಷಕಿಯ ತರಬೇತಿ ಪಡೆದರು. ಅಂದರೆ ಮಿಷನರಿ ಶಾಲೆ ಅವರಿಗೆ ಎದುರಾಳಿಯಲ್ಲ, ಗುರುಮನೆ. ಶೂದ್ರ, ಅತಿಶೂದ್ರರೆಂದು ದೂರವಿಟ್ಟ ಮನೆಗಳ ಮಕ್ಕಳನ್ನೂ ಒಳಗೊಂಡು, ಅಂಥದೇ ಮನೆಯಿಂದ ಬಂದ ಹೆಣ್ಣೊಬ್ಬಳು ಗುರುವಿನ ಸ್ಥಾನದಲ್ಲಿ ನಿಂತದ್ದನ್ನು ಪುಣೆಯ ಸಂಪ್ರದಾಯಸ್ಥರು ಸಹಿಸಲಿಲ್ಲ. ದಾರಿಯಲ್ಲಿ ಸಗಣಿ, ಕೆಸರು ಎರಚುತ್ತಿದ್ದುದರಿಂದ ಅವರು ಶಾಲೆಗೆ ಇನ್ನೊಂದು ಸೀರೆ ಒಯ್ಯುತ್ತಿದ್ದರೆಂಬ ಮಾತಿದೆ. 1849ರಲ್ಲಿ ಮಾವನ ಮನೆ ಬಿಡಬೇಕಾಗಿ ಬಂದಾಗ ದಂಪತಿಗಳಿಗೆ ಆಶ್ರಯ ಕೊಟ್ಟವರು ಉಸ್ಮಾನ್ ಶೇಖ್. ಅವರ ತಂಗಿ ಫಾತಿಮಾ ಶೇಖ್ ಸಾವಿತ್ರಿಬಾಯಿಯವರೊಂದಿಗೆ ಪಾಠ ಮಾಡಿದರು. ಭಿತ್ತಿಪತ್ರದಲ್ಲಿ ಫಾತಿಮಾ ಅವರ ಹೆಸರಿಗೂ ಜಾಗವಿರಲಿ. 1897ರ ಪ್ಲೇಗಿನಲ್ಲಿ ರೋಗಿಗಳ ಆರೈಕೆ ಮಾಡುತ್ತಲೇ ಸಾವಿತ್ರಿಬಾಯಿಯವರು ಅದೇ ರೋಗಕ್ಕೆ ತುತ್ತಾಗಿ ಮಾರ್ಚ್ 10ರಂದು ತೀರಿಕೊಂಡರು.

ಉತ್ತರ: ಓದುಗಿ, ವಿರಾಜಪೇಟೆ

ಸರ್ ಹೇಳಿದ್ದಕ್ಕೆ ಪಂಡಿತಾ ರಮಾಬಾಯಿಯವರನ್ನು ಸೇರಿಸಲು ಬಯಸುತ್ತೇನೆ. ಅವರು 1858ರಲ್ಲಿ ಹುಟ್ಟಿದ್ದು ನಮ್ಮದೇ ಘಟ್ಟಸಾಲಿನ ಗಂಗಾಮೂಲದ ಕಾಡಿನಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಪತ್ನಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಿ ಸ್ವಜನರ ವಿರೋಧ ಕಟ್ಟಿಕೊಂಡವರು. ಆ ತಾಯಿಯೇ ಮಗಳಿಗೆ ಪಾಠ ಹೇಳಿದರು. 1882ರಲ್ಲಿ ಬ್ರಿಟಿಷ್ ಸರ್ಕಾರದ ಶಿಕ್ಷಣ ಆಯೋಗವಾದ ಹಂಟರ್ ಆಯೋಗದ ಮುಂದೆ ರಮಾಬಾಯಿಯವರು ಹೆಣ್ಣುಮಕ್ಕಳಿಗೆ ಮಹಿಳಾ ಶಿಕ್ಷಕರೂ ಮಹಿಳಾ ವೈದ್ಯರೂ ಬೇಕೆಂದು ವಾದಿಸಿದರು. ಜೋತಿರಾವ್ ಅವರೂ ಅದೇ ಆಯೋಗಕ್ಕೆ ಹೇಳಿಕೆ ಸಲ್ಲಿಸಿದ್ದರು. 1889ರಲ್ಲಿ ರಮಾಬಾಯಿಯವರು ಬೊಂಬಾಯಿಯಲ್ಲಿ ವಿಧವೆಯರಿಗೂ ಹೆಣ್ಣುಮಕ್ಕಳಿಗೂ ಶಾರದಾ ಸದನವೆಂಬ ವಸತಿ ಶಾಲೆ ತೆರೆದರು. ಅಲ್ಲಿ ಮೊದಮೊದಲು ಸೇರಿದ ವಿಧವೆಯರಲ್ಲೊಬ್ಬರಾದ ಗೋದೂಬಾಯಿಯವರನ್ನು 1893ರಲ್ಲಿ ಮದುವೆಯಾದವರೇ ಧೋಂಡೋ ಕೇಶವ ಕರ್ವೆ. ಅವರು 1896ರಲ್ಲಿ ವಿಧವೆಯರಿಗೆ ಆಶ್ರಮ ಕಟ್ಟಿ, 1916ರಲ್ಲಿ ಮಹಿಳಾ ವಿಶ್ವವಿದ್ಯಾಲಯವನ್ನೇ ಸ್ಥಾಪಿಸಿದರು. ಕಾಡಿನಲ್ಲಿ ತಾಯಿಯೊಬ್ಬಳು ಹೇಳಿಕೊಟ್ಟ ಪಾಠ ಎಲ್ಲಿಯವರೆಗೆ ಹೋಯಿತೆಂದು ಮಕ್ಕಳು ನಕ್ಷೆಯ ಮೇಲೆ ಗೆರೆ ಎಳೆದು ನೋಡಲಿ. ರಮಾಬಾಯಿಯವರು ಕ್ರೈಸ್ತ ಧರ್ಮಕ್ಕೆ ಮತಾಂತರಗೊಂಡ ವಿವಾದವನ್ನು ಮುಚ್ಚಿಡಬೇಕಿಲ್ಲ, ಆದರೆ ಪಾಠದ ಇಡೀ ಅವಧಿಯನ್ನು ಅದು ನುಂಗದಂತೆ ನೋಡಿಕೊಳ್ಳಿ.

ಉತ್ತರ: ತೋಟದ ಮನೆ, ಸುಂಟಿಕೊಪ್ಪ

ನಮ್ಮ ಜಿಲ್ಲೆಯ ಹೆಸರೊಂದು ಬೇಕಿದ್ದರೆ ಕೊಡಗಿನ ಗೌರಮ್ಮನವರಿದ್ದಾರೆ. ಅವರು ಶಾಲೆ ಕಟ್ಟಿದವರಲ್ಲ. ಆದರೆ 1912ರಲ್ಲಿ ಮಡಿಕೇರಿಯಲ್ಲಿ ಹುಟ್ಟಿ 1939ರಲ್ಲಿ, ಇಪ್ಪತ್ತೇಳರ ವಯಸ್ಸಿನಲ್ಲಿ ನೀರುಪಾಲಾಗುವ ಮುನ್ನ ಕನ್ನಡದಲ್ಲಿ ಬರೆದ ಕಥೆಗಳಲ್ಲಿ ವಿಧವೆಯರ ಬದುಕನ್ನು ಯಾವ ಮುಲಾಜೂ ಇಲ್ಲದೆ ಚಿತ್ರಿಸಿದರು. ಓದು ಕಲಿತ ಹುಡುಗಿ ಏನು ಮಾಡಬಲ್ಲಳು ಎಂದು ಕೇಳುವವರಿಗೆ ಒಂದು ಕಥೆ ಓದಿ ಹೇಳಿದರೆ ಸಾಕು.

ಮರು ಉತ್ತರ: ಸೋಮವಾರಪೇಟೆಯ ಶಿಕ್ಷಕಿ

ಎಲ್ಲರಿಗೂ ವಂದನೆಗಳು. ವಾಕ್ಯವನ್ನು ‘1848ರಲ್ಲಿ ಪುಣೆಯ ಭಿಡೆ ವಾಡೆಯಲ್ಲಿ ಹೆಣ್ಣುಮಕ್ಕಳಿಗೆ ಪಾಠ ಹೇಳಿದ ಶಿಕ್ಷಕಿ’ ಎಂದು ಬದಲಿಸಿದ್ದೇವೆ, ಫಾತಿಮಾ ಅವರ ಹೆಸರನ್ನೂ ಬರೆದಿದ್ದೇವೆ. ನಕ್ಷೆಯ ಕೆಲಸವನ್ನು ಒಂಬತ್ತನೆಯ ತರಗತಿಯವರು ವಹಿಸಿಕೊಂಡಿದ್ದಾರೆ. ಆ ದಿನ ತಂಗಿ ತಮ್ಮಂದಿರನ್ನೂ ಶಾಲೆಗೆ ಕರೆತರಬಹುದೆಂದು ಲೈನ್ ಮನೆಗಳಿಗೆ ಹೇಳಿ ಕಳುಹಿಸಿದ್ದೇನೆ. ಚಿಕ್ಕವರಿಗೆ ಹಿಂದಿನ ಕೋಣೆಯಲ್ಲಿ ಚಾಪೆ ಹಾಸುತ್ತೇವೆ.