ಉ: 'ಕೇವಿಯಟ್'ಗೆ ಕನ್ನಡ ಪದ ಬೇಕು (ತುರ್ತು)

ನನ್ನ ಮಾತು ಕೇಳದೆ ಆದೇಶ ಮಾಡಬೇಡಿ ಅಂತ ಕೋರ್ಟಿಗೆ ಮೊದಲೇ ಕೊಡುವ ಅರ್ಜಿ 'ಕೇವಿಯಟ್'. ಅದಕ್ಕೆ ಕನ್ನಡ ಪದ ಕೇಳಿದ್ದೀರಿ, ನಾಳೆ ಬೋರ್ಡು ಬರೆಸಬೇಕು ಅಂದಿದ್ದೀರಿ, ಆದರೆ ಇಲ್ಲಿ ಬಂದ ಉತ್ತರಗಳೆಲ್ಲ ಆ ಪದವನ್ನು ನಾಮಪದ ಅಂದುಕೊಂಡೇ ಹೊರಟಿವೆ. ಅಲ್ಲ. ಲ್ಯಾಟಿನ್ನಿನಲ್ಲಿ ಅದು ಕ್ರಿಯಾಪದ. ಕವೆತ್ ಅಂದರೆ 'ಎಚ್ಚರವಾಗಿರುತ್ತಾನೆ'. ನಡುವೆ ಒಂದು 'ಅ' ಸೇರಿ ಕವೆಅತ್ ಆದರೆ 'ಎಚ್ಚರವಾಗಿರಲಿ'. ಪ್ರಥಮ ಪುರುಷ, ಏಕವಚನ. ನಮ್ಮ '-ಅಲಿ' ಮಾಡುವ ಕೆಲಸವನ್ನೇ ಆ 'ಅ' ಮಾಡುತ್ತದೆ. ಹಳಗನ್ನಡದಲ್ಲಾದರೆ '-ಗೆ'. ನವೆಂಬರ್ ಬಂದರೆ ಆಟೋ ಹಿಂದೆ 'ಸಿರಿಗನ್ನಡಂ ಗೆಲ್ಗೆ' ಅಂತ ಬರೆಸುತ್ತೇವಲ್ಲ, ಆ ಗೆಲ್ಗೆ ಯಾವ ರೂಪವೋ ಇದೂ ಅದೇ.

ಇದೇ ಧಾತುವಿನ ಆಜ್ಞಾರೂಪ 'ಕವೇ'. ಪಾಂಪೆಯಲ್ಲಿ ಒಂದು ಮನೆಯ ಬಾಗಿಲ ಒಳಗೆ, ನೆಲದ ಮೇಲೆ, ಸರಪಳಿ ಬಿಗಿದ ಕರಿನಾಯಿಯ ಚಿತ್ರ ಇದೆ, ಸಣ್ಣ ಸಣ್ಣ ಕಲ್ಲುಚೂರು ಜೋಡಿಸಿ ಮಾಡಿದ್ದು, ಜೊತೆಗೆ 'ಕವೇ ಕನೆಮ್' ಅಂತ ಬರಹ. ಕ್ರಿ.ಶ. 79ರಲ್ಲಿ ವೆಸೂವಿಯಸ್ ಬೂದಿಯಲ್ಲಿ ಮುಚ್ಚಿಹೋದ ಊರು. ನಮ್ಮ ಗೇಟಿನ 'ನಾಯಿ ಇದೆ ಎಚ್ಚರಿಕೆ'ಯೇ ಅದು, ಅಲ್ವಾ?

ಸರಿ, ಕೋರ್ಟಿನಲ್ಲಿ ಎಚ್ಚರವಾಗಿರಬೇಕಾದವರು ಯಾರು? ಕೋರ್ಟಿನವರೇ. ಸಿವಿಲ್ ಪ್ರಕ್ರಿಯಾ ಸಂಹಿತೆಗೆ 1976ರ ತಿದ್ದುಪಡಿಯಲ್ಲಿ ಸೇರಿದ 148ಎ ಕಲಮಿನ ಪ್ರಕಾರ, ಒಮ್ಮೆ ಕೇವಿಯಟ್ ಹಾಕಿದರೆ 90 ದಿನದೊಳಗೆ ಎದುರಾಳಿ ತಂದ ಅರ್ಜಿಯ ನೋಟಿಸು ನಿಮಗೂ ಬರಬೇಕು. ಹಾಗಿರುವಾಗ 'ಎಚ್ಚರಿಕೆ ಪತ್ರ' ಅಂತ ಬರೆಸಿದರೆ ಜನ ಅದನ್ನು ವಕೀಲರ ಕೈಯಲ್ಲಿ ಎದುರಾಳಿಗೆ ಕೊಡಿಸುವ ಬೆದರಿಕೆ ಅಂದುಕೊಳ್ಳುತ್ತಾರೆ. ಬೇಡ.

ಇನ್ನು 'ಎಚ್ಚರೋಲೆ' ಅಂದವರಿಗೆ: ಚೆನ್ನಾಗಿದೆ, ಮದುವೆ ಕರೆಯೋಲೆ ಜೊತೆ ಹಂಚಬಹುದು. ಪರಭಾಷೆ ಬೇಡವೇ ಬೇಡ ಅನ್ನುವವರು ಮೊದಲು ಅರ್ಜಿ, ದಾವೆ, ವಕೀಲ, ಜಾಮೀನು ಎಲ್ಲವನ್ನೂ ವಾಪಸ್ ಕೊಟ್ಟು ಬನ್ನಿ. ಎಲ್ಲ ಅರಬ್ಬಿ ಮೂಲದವು. ('ವಾಪಸ್' ಪಾರ್ಸಿ, ಅದನ್ನೂ ಕೊಟ್ಟುಬಿಡಿ.) ಜಮೀನು ತಕರಾರು ಇರುವ ಮನೆಗಳಲ್ಲಿ 'ಅವರು ಆಗಲೇ ಕೇವಿಯಟ್ ಹಾಕಿದ್ದಾರೆ' ಅನ್ನುವುದನ್ನು ಕೇಳಿದ್ದೀರಾ? ಲ್ಯಾಟಿನ್ನಿನ ಒಂದು ಇಡೀ ವಾಕ್ಯವನ್ನು ಜನ ಎತ್ತಿ 'ಹಾಕುವ' ವಸ್ತು ಮಾಡಿಕೊಂಡಿದ್ದಾರೆ. ಸುಮ್ನೆ ಅದನ್ನು ಯಾಕೆ ಕೀಳಬೇಕು?

ಬೋರ್ಡಿನಲ್ಲಿ ಕೇವಿಯಟ್ ಅಂತಲೇ ಇರಲಿ. ಕೆಳಗೆ ಸಣ್ಣಕ್ಷರದಲ್ಲಿ 'ನನ್ನ ಮಾತು ಕೇಳದೆ ಆದೇಶ ಮಾಡಬೇಡಿ ಎಂದು ಮೊದಲೇ ಕೊಡುವ ಅರ್ಜಿ' ಅಂತ ಬರೆಸಿ. ಕೇವಿಯಟ್ಟೋ ಕೇವಿಯೆಟ್ಟೋ ಅನ್ನುವ ಜಗಳ ಪೇಂಟರ್ ಹೋದ ಮೇಲೆ ಮಾಡೋಣ.